ಕದ್ದ ಫೋಟೊ ಪತ್ತೆಗೆ ಟಿನ್‌ಐ: ಎಲ್ಲಿ ನೆಚ್ಚಬಹುದು, ಎಲ್ಲಿ ಕೈಕೊಡುತ್ತದೆ

‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕಿಬಿಟ್ಟರೆ ಯಾರ ಫೋಟೊವನ್ನಾದರೂ ಎತ್ತಿಕೊಳ್ಳಬಹುದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಫೋಟೊ ತೆಗೆದವರಿಗೆ ಅದರಿಂದ ಹೆಸರೂ ಇಲ್ಲ, ಹಣವೂ ಇಲ್ಲ. ಹಾಗೆ ಹೋದ ಚಿತ್ರ ಎಲ್ಲೆಲ್ಲಿದೆ ಎಂದು ಹುಡುಕಲು ಟಿನ್‌ಐ ಎಂಬ ಜಾಲತಾಣ ಒಳ್ಳೆಯ ಸಾಧನ. ಟೊರಾಂಟೊದ ಕಂಪನಿಯೊಂದು 2008ರಲ್ಲಿ ಶುರು ಮಾಡಿದ ಈ ಸೇವೆಗೆ ಲಾಗಿನ್ ಬೇಡ, ಸ್ವಂತ ಬಳಕೆಗೆ ದುಡ್ಡೂ ಬೇಡ.

ಹಂಪಿಯ ಕಲ್ಲಿನ ರಥದ ಫೋಟೊ ಕೊಟ್ಟರೆ ಗೂಗಲ್ ಲೆನ್ಸ್ ಅದೇ ರಥದ ಬೇರೆಯವರ ಫೋಟೊಗಳನ್ನೂ ರಾಶಿ ಹಾಕುತ್ತದೆ. ಟಿನ್‌ಐ ಹುಡುಕುವುದು ನಿಮ್ಮ ಆ ಒಂದು ಚಿತ್ರವನ್ನೇ. ಅಂಚು ಕತ್ತರಿಸಿದ್ದರೂ, ಗಾತ್ರ ಕುಗ್ಗಿಸಿದ್ದರೂ, ಬಣ್ಣ ತಿದ್ದಿದ್ದರೂ ಸಾಮಾನ್ಯವಾಗಿ ಗುರುತು ಹಿಡಿಯುತ್ತದೆ. ಫಲಿತಾಂಶದಲ್ಲಿ ‘ಕಂಪೇರ್’ ಒತ್ತಿದರೆ ನಿಮ್ಮದನ್ನೂ ಅವರದನ್ನೂ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ನೋಡಬಹುದು. ವಾಟರ್‌ಮಾರ್ಕ್ (ಚಿತ್ರದ ಮೇಲೆ ಹಾಕಿದ ಹೆಸರಿನ ಗುರುತು) ಇದ್ದ ಮೂಲೆಯನ್ನು ಕತ್ತರಿಸಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಹುಡುಕುವಾಗ ತೀರಾ ಪುಟ್ಟ ಚಿತ್ರ ಕೊಡಬೇಡಿ, ಅಗಲ ಎತ್ತರ ಎರಡೂ 300 ಪಿಕ್ಸೆಲ್‌ಗಿಂತ ಹೆಚ್ಚಿರಲಿ.

‘ಓಲ್ಡೆಸ್ಟ್’ ಎಂದು ವಿಂಗಡಿಸಿದಾಗ ಕಾಣುವ ದಿನಾಂಕದಲ್ಲಿ ಹಲವರು ಎಡವುತ್ತಾರೆ. ಅದು ಟಿನ್‌ಐ ಆ ಪುಟವನ್ನು ಮೊದಲು ಕಂಡ ದಿನ, ಚಿತ್ರ ಪ್ರಕಟವಾದ ದಿನವಲ್ಲ. ಫೋಟೊ ನಿಮ್ಮದೆಂದು ತೋರಿಸಲು ಕ್ಯಾಮೆರಾದ ಮೂಲ ಫೈಲೇ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ ಪ್ರತಿಯಲ್ಲಿ ದಿನಾಂಕ, ಕ್ಯಾಮೆರಾ ವಿವರಗಳೆಲ್ಲ ಅಳಿಸಿಹೋಗಿರುತ್ತವೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ವಿಚಾರದಲ್ಲಿ ಟಿನ್‌ಐ ನಂಬಿ ಕೂರುವಂತಿಲ್ಲ. ಏನೂ ಸಿಗದಿದ್ದರೆ ಲೆನ್ಸ್‌ನಲ್ಲೂ ಹುಡುಕಿ, ಅಲ್ಲಿ ತದ್ರೂಪು ಚಿತ್ರಗಳನ್ನಷ್ಟೇ ತೋರಿಸುವ ಆಯ್ಕೆ ಬಳಸಿ.

ಸಿಕ್ಕಿದ ಕೂಡಲೇ ಜಗಳಕ್ಕೆ ಇಳಿದರೆ ಕದ್ದವರು ಪುಟವನ್ನೇ ಅಳಿಸಿಬಿಡುತ್ತಾರೆ. ಮೊದಲು ವಿಳಾಸ, ದಿನಾಂಕ ಕಾಣುವಂತೆ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದು, ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷಿನ್ ತಾಣದಲ್ಲೂ ಪ್ರತಿ ಉಳಿಸಿ. ಹಕ್ಕು ನಿಮ್ಮದೇ ಎಂಬುದನ್ನೂ ನೋಡಿಕೊಳ್ಳಿ: ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರದೇ. ಮದುವೆ ಫೋಟೊ ತೆಗೆಯುವವರು ಇದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಬೇಕು. ಹಕ್ಕುಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ.

ಅಮೆರಿಕದ ತಾಣವಾದರೆ ಅದರ ಡಿಎಂಸಿಎ (ಅಲ್ಲಿನ ಹಕ್ಕುಸ್ವಾಮ್ಯ ಕಾನೂನು) ದೂರಿನ ಫಾರಂ ತುಂಬಿ. ಲೇಖನದ ವಿಳಾಸದ ಜೊತೆಗೆ ಚಿತ್ರದ ನೇರ ವಿಳಾಸವನ್ನೂ ಕೊಡಿ. ಭಾರತದ 2013ರ ಹಕ್ಕುಸ್ವಾಮ್ಯ ನಿಯಮಾವಳಿಯ 75ನೇ ನಿಯಮದಡಿ ದೂರು ಕೊಟ್ಟರೆ ಮಧ್ಯವರ್ತಿ ತಾಣವು (ಬೇರೆಯವರು ಹಾಕಿದ್ದನ್ನು ಇಟ್ಟುಕೊಳ್ಳುವ ತಾಣ) 36 ಗಂಟೆಯೊಳಗೆ ಚಿತ್ರ ಸಿಗದಂತೆ ಮಾಡಬೇಕು. ಆದರೆ 21 ದಿನದಲ್ಲಿ ಕೋರ್ಟಿನ ಆದೇಶ ತಂದು ಕೊಡದಿದ್ದರೆ ಅವರು ಅದನ್ನು ಮತ್ತೆ ಹಾಕಬಹುದು. ದಾವೆ ಹೂಡುತ್ತೇನೆಂದು ಆ ದೂರಿನಲ್ಲೇ ಬರೆದುಕೊಡಬೇಕಾಗುವುದರಿಂದ, ಒಂದೆರಡು ಫೋಟೊಗಳಿಗೆ ಮೊದಲು ಫೋಟೊ ಬಳಸಿದ್ದಕ್ಕೆ ಬಿಲ್ಲಿನೊಂದಿಗೆ ಸಭ್ಯವಾದ ಇಮೇಲ್ ಕಳಿಸುವುದೇ ಲೇಸು.