7 ಟೆಸ್ಲಾ ಎಂಆರ್‌ಐ: ಎಂಎಸ್ ಇದ್ದವರೆಲ್ಲ ಹುಡುಕಿಕೊಂಡು ಹೋಗಬೇಕಾ?

ಎಲ್ಲರಿಗೂ ಬೇಕಾಗಿಲ್ಲ. (ಟೆಸ್ಲಾ ಅಂದರೆ ಎಂಆರ್‌ಐ ಮಷಿನ್‌ನ ಅಯಸ್ಕಾಂತದ ಶಕ್ತಿಯ ಅಳತೆ, ಸಾಮಾನ್ಯ ಮಷಿನ್‌ಗಳು 1.5 ಅಥವಾ 3 ಟೆಸ್ಲಾ.) ನನ್ನ ಹಾಗೆ ಅನುಮಾನದಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಇದರಿಂದ ನಿಜವಾದ ಉಪಯೋಗ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಅದರಲ್ಲಿ ಎಂಆರ್‌ಐ ಚಿತ್ರದಲ್ಲಿ ಮೆದುಳಲ್ಲಿ ಬಿಳಿ ಚುಕ್ಕೆಗಳು ಕಾಣುತ್ತವೆ. ಮೈಗ್ರೇನ್ ಇದ್ದವರಿಗೂ ಕಾಣಬಹುದು. ನನಗೆ ಮೈಗ್ರೇನ್ ಕಾಲೇಜಿನಿಂದಲೂ ಇದೆ. ಒಬ್ಬ ಡಾಕ್ಟರ್ ಎಂಎಸ್ ಅಂದರು, ಇನ್ನೊಬ್ಬರು ಕಾದು ನೋಡೋಣ ಅಂದರು, ಕೊನೆಗೆ ಇಲ್ಲಿ ಅಮೆರಿಕದಲ್ಲಿ 7 ಟೆಸ್ಲಾಗೆ ಬರೆದುಕೊಟ್ಟರು.

ಒಳಗೆ ಬಿಡುವ ಮೊದಲು ಲೋಹ ಏನಾದರೂ ಇದೆಯಾ ಅಂತ ತಪಾಸಣೆ ಜೋರಾಗಿಯೇ ಇತ್ತು. 3 ಟೆಸ್ಲಾಗೆ ಪರವಾಗಿಲ್ಲ ಅಂದ ಇಂಪ್ಲಾಂಟ್ (ದೇಹದೊಳಗೆ ಕೂರಿಸಿದ ಸಾಧನ) 7ಕ್ಕೂ ಆಗುತ್ತದೆ ಅಂತಿಲ್ಲ. ಕಾಲುಂಗುರ ಬೆಳ್ಳಿಯದು, ಅಯಸ್ಕಾಂತ ಎಳೆಯಲ್ಲ ಅಂತ ವಾದ ಮಾಡಿದೆ. ಸೋಪು ಹಚ್ಚಿ ತೆಗೆಸಿಯೇ ಒಳಗೆ ಬಿಟ್ಟರು. ಹಾಸಿಗೆ ಒಳಗೆ ಸರಿಯುವಾಗ ಮಾತ್ರ ಜಾತ್ರೆಯ ತೊಟ್ಟಿಲಲ್ಲಿ ಕೂತ ಹಾಗೆ ತಲೆ ತಿರುಗಿತು, ಬಾಯಲ್ಲಿ ಕಬ್ಬಿಣದ ರುಚಿ. ಕಿವಿಯೊಳಗಿನ ದ್ರವದ ಮೇಲೆ ಆ ಕಾಂತಶಕ್ತಿಯ ಪರಿಣಾಮವಂತೆ. ನಿಧಾನಕ್ಕೆ ಸರಿಸಿದರೆ ಕಡಿಮೆಯಾಗುತ್ತದೆ, ಸುಮ್ನೆ ತಡೆದುಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ.

ಆದರೆ ಚಿತ್ರ ನೋಡಿದಾಗ ಬೇಜಾರೆಲ್ಲ ಮರೆತುಹೋಯಿತು. ಡಾಕ್ಟರ್ ಒಂದು ಬಿಳಿ ಚುಕ್ಕೆಯನ್ನು ದೊಡ್ಡದು ಮಾಡಿ ತೋರಿಸಿದರು. ಅದರ ನಟ್ಟನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಅದು ರಕ್ತನಾಳ. ಎಂಎಸ್‌ನ ಚುಕ್ಕೆಗಳು ಹೆಚ್ಚಾಗಿ ಸಣ್ಣ ಸಿರೆಗಳ ಸುತ್ತಲೇ ಹುಟ್ಟುತ್ತವೆ, ಮೈಗ್ರೇನಿನವು ಅಷ್ಟಾಗಿ ಹಾಗಲ್ಲ. ನನ್ನ ಚುಕ್ಕೆಗಳಲ್ಲಿ ಹೆಚ್ಚಿನವುಗಳ ನಡುವೆ ಆ ಗೆರೆ ಇತ್ತು. ಎರಡರ ಸುತ್ತ ಕಪ್ಪು ಅಂಚು ಬೇರೆ: ಕಬ್ಬಿಣ ತುಂಬಿಕೊಂಡ ಜೀವಕೋಶಗಳು, ಅಂದರೆ ಒಳಗೊಳಗೇ ಉರಿಯುತ್ತಿರುವ ಹಳೆಯ ಗಾಯ. ಮೆದುಳಿನ ಹೊರಪದರದ ಚುಕ್ಕೆಗಳೂ ಇದರಲ್ಲಿ ಕಾಣುತ್ತವೆ, 1.5 ಟೆಸ್ಲಾದಲ್ಲಿ ಅವು ಬಹುಪಾಲು ತಪ್ಪಿಹೋಗುತ್ತವೆ.

ಕೊರತೆಯೂ ಇದೆ. 2017ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೀಮೆನ್ಸ್‌ನ 7 ಟೆಸ್ಲಾ ಮಷಿನ್ ಮ್ಯಾಗ್ನೆಟಾಮ್ ಟೆರಾಗೆ ಒಪ್ಪಿಗೆ ಕೊಟ್ಟಿದ್ದು ತಲೆ ಮತ್ತು ಕೈಕಾಲಿಗೆ. ಎಂಎಸ್ ಬೆನ್ನುಹುರಿಯನ್ನೂ ಬಿಡಲ್ಲ, ಅಲ್ವಾ? ಅದಕ್ಕೆ ಮತ್ತೆ 1.5 ಅಥವಾ 3 ಟೆಸ್ಲಾಗೇ ಹೋಗಬೇಕು. ಇಷ್ಟು ಶಕ್ತಿಯಲ್ಲಿ ರೇಡಿಯೋ ಅಲೆಯ ಉದ್ದ ತಲೆಗಿಂತ ಚಿಕ್ಕದಾಗುವುದರಿಂದ ಕಿವಿಯ ಹತ್ತಿರದ ಭಾಗ, ಕಿರುಮೆದುಳು ಮಬ್ಬು ಮಬ್ಬಾಗಿ ಬರಬಹುದು. ಅಲ್ಲಿ ಚುಕ್ಕೆ ಇಲ್ಲ ಅಂದರೂ ಪೂರ್ತಿ ನಂಬುವ ಹಾಗಿಲ್ಲ.

ಎಂಎಸ್ ಅಂತ ಆಗಲೇ ಖಾತ್ರಿಯಾಗಿದ್ದರೆ ವರ್ಷ ವರ್ಷದ ಚೆಕಪ್‌ಗೆ ಇದು ಬೇಡ, ಒಂದೇ 3 ಟೆಸ್ಲಾ ಮಷಿನ್‌ನಲ್ಲಿ ಮಾಡಿಸಿ ಹೋಲಿಸುವುದೇ ಒಳ್ಳೆಯದು. ಎಂಎಸ್ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಡಾಕ್ಟರ್‌ಗಳು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದ 2024ರ ಆವೃತ್ತಿಯಲ್ಲಿ ನಡುವಿನ ಸಿರೆಯ ಗುರುತನ್ನೂ ಸೇರಿಸಿದ್ದಾರೆ, ಅದು 3 ಟೆಸ್ಲಾದಲ್ಲೂ ಸಿಗುತ್ತದೆ. ಹಾಗಾಗಿ ಬೆಂಗಳೂರಿನಿಂದ ಮೆಸೇಜ್ ಮಾಡಿ ಕೇಳುವವರಿಗೆ ನಾನು ಹೇಳುವುದಿಷ್ಟೆ: 3 ಟೆಸ್ಲಾದಲ್ಲೇ 3ಡಿ ಫ್ಲೇರ್ (ಚುಕ್ಕೆಗಳನ್ನು ತೋರಿಸುವ ಚಿತ್ರ) ಜೊತೆ ಎಸ್‌ಡಬ್ಲ್ಯುಐ (ಸಿರೆ, ಕಬ್ಬಿಣ ತೋರಿಸುವ ಚಿತ್ರ) ಮಾಡಿಸಬಹುದಾ ಅಂತ ನಿಮ್ಮ ನ್ಯೂರಾಲಜಿಸ್ಟ್ ಹತ್ತಿರ ಮೊದಲು ಕೇಳಿ. ಬರೀ ರಿಪೋರ್ಟ್ ಹಿಡಿದುಕೊಂಡು ಬರಬೇಡಿ, ಚಿತ್ರಗಳ ಸಿಡಿಯನ್ನೂ ಇಸ್ಕೊಳ್ಳಿ.