ಎರಡು ಬೀದಿ ಹುಡುಗರು: ಬಾಡೂಟವೋ, ಕಬಡ್ಡಿಯೋ, ಕಾಲುವೆ ಕೆಲಸವೋ?

ಮಂಡ್ಯ ಕಡೆಯ ನಿಮ್ಮೂರಿನ ಎರಡು ಬೀದಿ ಹುಡುಗರನ್ನು ಒಂದು ಮಾಡಲು ಬಾಡೂಟ, ಕಬಡ್ಡಿ, ಕಾಲುವೆ ಹೂಳೆತ್ತುವ ಕೆಲಸ, ಈ ಮೂರರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ.

ಖರ್ಚಿಗೆ ಬಾಡೂಟವೇ ದುಬಾರಿ. ಕಬಡ್ಡಿ ಸುಲಭ, ಆದರೆ ಬೀದಿಗೊಂದು ತಂಡ ಕಟ್ಟಬೇಡಿ, ಬೆರೆಸಿ ಆಡಿಸಿ.

ಒಗ್ಗಟ್ಟಿನ ಬಾಳಿಕೆಯ ಮಾತೇ ಬೇರೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಷರೀಫ್ ಒಂದು ಪ್ರಯೋಗಕ್ಕಾಗಿ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿದರು. ಪಂದ್ಯ ಜಗಳ ತಂದಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು! ಶಿಬಿರಕ್ಕೆ ನೀರು ಬರುವುದು ನಿಂತಾಗ, ಕೆಟ್ಟು ನಿಂತ ಲಾರಿಯನ್ನು ಎಲ್ಲರೂ ಹಗ್ಗ ಹಿಡಿದು ಎಳೆಯಬೇಕಾದಾಗ, ಹೀಗೆ ಮತ್ತೆ ಮತ್ತೆ ಕೈಜೋಡಿಸಿದ ಮೇಲೆ ಜಿದ್ದು ಕರಗಿತು. (ಆ ತೊಂದರೆಗಳೆಲ್ಲ ಬೇಕಂತಲೇ ಹೂಡಿದ್ದವು ಅನ್ನಿ.)

ಸುಮ್ನೆ ಪರಿಚಯವಿಲ್ಲದವರಾದರೆ ಊಟ ಸಾಕು. ಹಳೇ ಜಿದ್ದಿದ್ದರೆ ಕಾಲುವೆ ಹೂಳು ಎತ್ತಿಸಿ, ಅದೂ ಆ ನೀರು ಇಬ್ಬರ ಗದ್ದೆಗೂ ಹರಿಯುವುದಾದರೆ ಮಾತ್ರ. ಇಲ್ಲದಿದ್ದರೆ ಯಾರು ಮೈ ಬಗ್ಗಿಸುತ್ತಾರೆ, ಅಲ್ವಾ?