ಸ್ಟೆಂಟ್ ಇದ್ದವರು ಸಿಟಿ ಆಂಜಿಯೋಗೆ ದುಡ್ಡು ಕಟ್ಟುವ ಮುಂಚೆ ಕಾರ್ಡ್ ಹುಡುಕಿ

ಆರು ವರ್ಷದ ಹಿಂದೆ ನಮ್ಮಪ್ಪನಿಗೆ ಎರಡು ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ತೆರೆದಿಡೋ ಲೋಹದ ಜಾಲರಿ ಕೊಳವೆ, ಹಾಕಿದ್ದರು. ಮೊನ್ನೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂಗಾಗ್ತದೆ ಅಂದರು. ಪರಿಚಯದವರು ಹೇಳಿದರು ಅಂತ ದಾವಣಗೆರೆಯಲ್ಲೇ ಒಂದು ಕಡೆ ಸಿಟಿ ಆಂಜಿಯೋ, ಅಂದರೆ ಹೃದಯದ ರಕ್ತನಾಳದ ಸಿಟಿ ಸ್ಕ್ಯಾನ್, ಮಾಡಿಸಿದೆವು. ಕೈಗೆ ತೂತು ಹಾಕಿ ರಕ್ತನಾಳಕ್ಕೆ ವೈರ್ ಬಿಡೋದಿಲ್ಲ, ಅರ್ಧ ಗಂಟೆ ಕೆಲಸ ಅಂದದ್ದೇ ನಮಗೆ ಸಾಕಾಯಿತು.

ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದರು. ಅಪ್ಪ ಬೆಣ್ಣೆ ದೋಸೆ ಬಿಟ್ಟರು, ಟೀ ಬಿಡಲಿಲ್ಲ. ಮಾನಿಟರ್‌ನಲ್ಲಿ ನಾಡಿ 88 ತೋರಿಸುತ್ತಿತ್ತು. "ಪರವಾಗಿಲ್ಲ ಯಜಮಾನ್ರೇ, ಉಸಿರು ಬಿಗಿ ಹಿಡೀರಿ" ಅಂದರು, ಮುಗಿಯಿತು. ಸ್ಟೆಂಟ್ ಎಷ್ಟು ಅಗಲದ್ದು ಅಂತ ಯಾರೂ ಕೇಳಲಿಲ್ಲ. ಸ್ಟೆಂಟ್ ಹಾಕಿದಾಗ ಆಸ್ಪತ್ರೆಯವರು ಅಳತೆ ಬರೆದು ಕೊಟ್ಟ ಕಾರ್ಡ್ ಅಮ್ಮನ ಟ್ರಂಕಿನಲ್ಲಿ ರೇಷ್ಮೆ ಸೀರೆ ಕೆಳಗಿತ್ತು, ನನಗೂ ನೆನಪಾಗಲಿಲ್ಲ.

ರಿಪೋರ್ಟ್‌ನಲ್ಲಿ ಎರಡೂ ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಆಗಿರುವ ಶಂಕೆ ಅಂತ ಬರೆದಿತ್ತು. ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಡಿಕೆ ಮಾರಿದ ದುಡ್ಡು ಹೊಂದಿಸಿ ವೈರ್ ಬಿಟ್ಟು ಮಾಡೋ ಆಂಜಿಯೋಗ್ರಾಮ್ ಮಾಡಿಸಿದರೆ ಎರಡೂ ಸ್ಟೆಂಟ್ ತೆರೆದೇ ಇದ್ದವು! ಎದೆ ಹಿಡಿಯಲು ಕಾರಣ ರಕ್ತನಾಳದ ಇನ್ನೊಂದು ಸಣ್ಣ ಕವಲು. ಮಾತ್ರೆ ಬದಲಿಸಿ ಕಳಿಸಿದರು.

ಹಾಗಾದರೆ ಸಿಟಿಯಲ್ಲಿ ಕಂಡದ್ದೇನು ಅಂತ ಹೃದಯದ ಡಾಕ್ಟರನ್ನೇ ಕೇಳಿದೆ. ರಾತ್ರಿ ಹೈವೇಲಿ ಎದುರು ಬರೋ ಲಾರಿಯ ಹೆಡ್‌ಲೈಟ್ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣ್ತದಲ್ಲ, ಸಿಟಿಯಲ್ಲಿ ಲೋಹವೂ ಹಾಗೇ ಅಂದರು. ಸ್ಟೆಂಟಿನ ತಂತಿ ಸುಮಾರು 0.1 ಮಿಲಿಮೀಟರ್ ದಪ್ಪ. ಸಾಮಾನ್ಯ ಸಿಟಿಗೆ ಅರ್ಧ ಮಿಲಿಮೀಟರ್‌ಗಿಂತ ಸಣ್ಣದು ಸ್ಪಷ್ಟವಾಗಿ ಕಾಣದು, ಹಾಗಾಗಿ ತಂತಿ ಹಲವು ಪಟ್ಟು ಉಬ್ಬಿ ಒಳಗಿನ ದಾರಿಯನ್ನೇ ನುಂಗುತ್ತದೆ. ನಾಡಿ ಜೋರಿದ್ದರೆ ಚಿತ್ರ ಕದಡುವುದು ಬೇರೆ. ಅಮೆರಿಕದ 2021ರ ಎದೆನೋವಿನ ಮಾರ್ಗಸೂಚಿ 3 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲದ ಸ್ಟೆಂಟಿಗೆ ಸಿಟಿ ಸರಿ ಅನ್ನುತ್ತದೆ. ಅಪ್ಪನವು 2.5 ಮತ್ತು 2.75.

ಅದಕ್ಕೇ ಹೇಳ್ತಿರೋದು, ಮೊದಲು ಕಾರ್ಡ್ ನೋಡಿ, ಸಿಟಿ ಬೇಕೋ ಬೇಡವೋ ಅಂತ ಹೃದಯದ ಡಾಕ್ಟರನ್ನೇ ಕೇಳಿ. ಮಾಡಿಸಲೇಬೇಕು ಅಂದರೆ ಟೀ, ಕಾಫಿ ಬಿಡಿ. ನಾಡಿ 60ರ ಆಸುಪಾಸಿಗೆ ಇಳಿಸಲು ಮೆಟೊಪ್ರೊಲಾಲ್ ಥರದ ಮಾತ್ರೆ ಕೊಡುತ್ತಾರೆ, ಅಸ್ತಮಾ ಇದ್ದರೆ ಮುಂಚೆಯೇ ಹೇಳಿ. ಫೋಟಾನ್ ಕೌಂಟಿಂಗ್ ಅನ್ನೋ ಹೊಸ ಸಿಟಿ 0.2 ಮಿಲಿಮೀಟರ್‌ನಷ್ಟು ತೆಳುವಾಗಿ ಸೀಳಿ ನೋಡ್ತದಂತೆ. ಅದು ಎಲ್ಲ ಕಡೆ ಸಿಗೋ ಮಾತಲ್ಲ.

ಇನ್ನೊಂದು ಮಾತು. ಇರೋ ಮಿಷಿನ್‌ನಲ್ಲೇ ಸ್ಟೆಂಟಿಗಾಗಿ 'ಶಾರ್ಪ್ ಕರ್ನೆಲ್' ಅನ್ನೋ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮತ್ತೆ ಕಟ್ಟಬಹುದು. ಕಾಳು ಕಾಳಾಗಿ ಕಂಡರೂ ಸ್ಟೆಂಟಿನ ಅಂಚು ಬಿಗಿಯಾಗುತ್ತದೆ. ಆದರೆ ಅದಕ್ಕೆ ಬೇಕಾದ ಮೂಲ ಡೇಟಾ ಮಿಷಿನ್‌ನಲ್ಲಿ ಸಾಮಾನ್ಯವಾಗಿ ಕೆಲವೇ ದಿನ ಇರುತ್ತದೆ, ಸೀಡಿಗೆ ಬರುವುದಿಲ್ಲ. ಇದು ಗೊತ್ತಾಗಿ ನಾನು ಆ ಸೆಂಟರ್‌ಗೆ ಓಡಿದ್ದು ಹನ್ನೊಂದನೇ ದಿನ. "ಅಳಿಸಿ ಹೋಗೇತಿ ಸಾರ್" ಅಂದರು.